ಮಾರ್ಕ್ ಫೈಲನ್ನು ಕೋಡ್‌ನಲ್ಲಿ ತೆರೆಯೋದು ಹೇಗೆ? ಮೊದಲು ಎಣಿಸಿ, ಆಮೇಲೆ ಮುಟ್ಟಿ

"ಲೈಬ್ರರಿ ಸಾಫ್ಟ್‌ವೇರ್‌ನಿಂದ ಎಕ್ಸ್‌ಪೋರ್ಟ್ ಮಾಡಿದೆ. ಫೈಲ್ ಬಂತು. ತೆರೆದರೆ ಅಂಕಿ, ಅಕ್ಷರ ಎಲ್ಲಾ ಒಂದಕ್ಕೊಂದು ಅಂಟಿಕೊಂಡು ಕೂತಿವೆ. ಇದನ್ನ ಎಕ್ಸೆಲ್‌ಗೆ ಹಾಕೋದು ಹೇಗೆ?" ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲ ಅರ್ಧಂಬರ್ಧ ಉತ್ತರ ಕೊಡುವ ಬದಲು ಒಂದೇ ಕಡೆ ಬರೆದಿಡೋಣ ಅಂತ ಕೂತೆ.

ಕೇಳುವವರಲ್ಲಿ ಎರಡು ಥರ. ಕೆಲವರು ಗ್ರಂಥಪಾಲಕರು. ಅವರಿಗೆ ಕ್ಯಾಟಲಾಗ್ ಅಂಗೈ ಮೇಲಿನ ನೆಲ್ಲಿಕಾಯಿ, ಕೋಡ್ ಮಾತ್ರ ಹೊಸದು. ಇನ್ನು ಕೆಲವರು ಪ್ರೋಗ್ರಾಮರ್‌ಗಳು. ಪೈಥಾನ್ ಅವರಿಗೆ ನೀರು ಕುಡಿದಷ್ಟು ಸಲೀಸು, ಆದರೆ 245 ಅಂದರೆ ಏನು ಅಂತ ಗೊತ್ತಿಲ್ಲ. ಇಬ್ಬರಿಗೂ ಒಂದೇ ಮಾತು ಹೇಳ್ತೀನಿ. ಇಲ್ಲಿ ಕೋಡ್ ಕಷ್ಟ ಅಲ್ಲ, ಹತ್ತು ಸಾಲು ಸಾಕು. ಕಷ್ಟ ಇರೋದು ರೆಕಾರ್ಡ್ ತನ್ನ ಬಗ್ಗೆ ತಾನೇ ಹೇಳುವ ಸುಳ್ಳುಗಳಲ್ಲಿ. ಅದಕ್ಕೇ ಹಂತಹಂತಕ್ಕೂ ಎಣಿಸಿ ಅಂತ ಪೀಡಿಸುತ್ತೇನೆ.

ಫೈಲ್ ಯಾವುದು ಅಂತ ಮೊದಲು ಎರಡು ಸಾಲು. ಮಾರ್ಕ್ ಅಂದರೆ ಯಂತ್ರ ಓದಬಲ್ಲ ಕ್ಯಾಟಲಾಗ್ ರೆಕಾರ್ಡ್. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಆವ್ರಮ್ ಎಂಬ ಪ್ರೋಗ್ರಾಮರ್ ಮುಂದೆ ನಿಂತು ಇದನ್ನು ರೂಪಿಸಿದರು. ಇವತ್ತು ಹೆಚ್ಚಿನ ಕಡೆ ಓಡುವುದು ಮಾರ್ಕ್ 21. ಅಮೆರಿಕ ಮತ್ತು ಕೆನಡಾದ ಬೇರೆ ಬೇರೆ ಮಾರ್ಕ್‌ಗಳನ್ನು ಸೇರಿಸಿ 1999ರಲ್ಲಿ ಹೊರಬಂದದ್ದು. ಮಾರ್ಕ್ ಹುಟ್ಟಿದ ಕಾಲದಲ್ಲಿ ಡೇಟಾ ಇಡುತ್ತಿದ್ದದ್ದು ಟೇಪಿನಲ್ಲಿ, ಕೊನೆಗೆ ಅದರಿಂದ ಛಾಪಿಸುತ್ತಿದ್ದದ್ದು ಕಾರ್ಡು. ಆ ಟೇಪು, ಆ ಕಾರ್ಡು ಎರಡರ ನೆರಳೂ ಈ ಫೈಲಿನೊಳಗೆ ಇನ್ನೂ ಇದೆ. ಮುಂದೆ ನೋಡುತ್ತೀರಿ.

ಏನೇನು ಬೇಕು?

ಪೈಥಾನ್ 3 ಮತ್ತು ಪೈಮಾರ್ಕ್ ಎಂಬ ಲೈಬ್ರರಿ (ಇಲ್ಲಿ ಲೈಬ್ರರಿ ಅಂದರೆ ಪುಸ್ತಕದ್ದಲ್ಲ, ಕೋಡಿನದು). ಪೈಥಾನ್ ಜೊತೆಗೇ ಬರುವ ಪಿಪ್‌ನಿಂದ ಇನ್‌ಸ್ಟಾಲ್ ಮಾಡಿಕೊಳ್ಳಿ. ಪೈಥಾನ್ ಬೇಡ ಅಂದರೆ ಜಾವಾಗೆ ಮಾರ್ಕ್‌ಫೋರ್‌ಜೆ ಇದೆ. ಪರ್ಲ್, ರೂಬಿ, ಪಿಎಚ್‌ಪಿಗೂ ಇಂಥವು ಇವೆ. ಕಣ್ಣಲ್ಲಿ ನೋಡಲು ಮಾರ್ಕ್‌ಎಡಿಟ್ ಎಂಬ ಉಚಿತ ತಂತ್ರಾಂಶ ಇರಲಿ. ಮಾರ್ಕ್ 21ರ ಪೂರ್ತಿ ನಿಯಮಾವಳಿ ಲೈಬ್ರರಿ ಆಫ್ ಕಾಂಗ್ರೆಸ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರ ಪುಟ ಯಾವಾಗಲೂ ಪಕ್ಕದಲ್ಲಿ ತೆರೆದಿರಲಿ. ನಾನೂ ಇವತ್ತಿಗೂ ನೋಡಿಕೊಂಡೇ ಬರೆಯೋದು.

ಎಲ್ಲಕ್ಕಿಂತ ಮುಖ್ಯವಾಗಿ, ಮೂಲ ಫೈಲಿನ ಒಂದು ಪ್ರತಿ ಬೇರೆ ಫೋಲ್ಡರ್‌ನಲ್ಲಿ ಇರಲಿ. ಅದನ್ನು ರೀಡ್ ಓನ್ಲಿ ಮಾಡಿಬಿಡಿ.

ಹಂತ 1: ಫೈಲ್ ಯಾವ ಜಾತಿಯದು, ನೋಡಿ

ಮಾರ್ಕ್ ಮೂರು ವೇಷದಲ್ಲಿ ಬರುತ್ತದೆ. ಒಂದು, ಬೈನರಿ ರೂಪ. ಫೈಲ್ ಹೆಸರಿನ ಕೊನೆಯಲ್ಲಿ ಸಾಮಾನ್ಯವಾಗಿ ಡಾಟ್ ಎಂಆರ್‌ಸಿ ಇರುತ್ತದೆ. ಎರಡು, ಮಾರ್ಕ್ ಎಕ್ಸ್‌ಎಂಎಲ್. ಮೂರು, ಡಾಟ್ ಎಂಆರ್‌ಕೆ. ಇದು ಮನುಷ್ಯರು ಓದಿ ತಿದ್ದಲು ಮಾಡಿದ ಸಾದಾ ಪಠ್ಯ, ಮಾರ್ಕ್‌ಎಡಿಟ್ ಬಳಸುವ ರೂಪ.

ಹೆಸರು ನಂಬಬೇಡಿ. ಮೊದಲ ಐದು ಬೈಟ್ ನೋಡಿ. ಐದೂ ಅಂಕಿಗಳಾದರೆ ಬೈನರಿ. ಮೊದಲಿಗೇ ಕೋನದ ಆವರಣ ಕಂಡರೆ ಎಕ್ಸ್‌ಎಂಎಲ್. ಸಮ ಚಿಹ್ನೆ ಕಂಡರೆ ಎಂಆರ್‌ಕೆ.

ಬೈನರಿ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದರೆ ತಪ್ಪಿಲ್ಲ. ಸೇವ್ ಮಾತ್ರ ಮಾಡಬೇಡಿ. ಕೆಲವು ಎಡಿಟರ್‌ಗಳು ಫೈಲಿನ ತಲೆಗೆ ಬಾಮ್ ಎಂಬ ಮೂರು ಕಾಣದ ಬೈಟ್ ಅಂಟಿಸುತ್ತವೆ, ಸಾಲಿನ ಕೊನೆಯ ಗುರುತು ಬದಲಿಸುತ್ತವೆ. ಈ ಫೈಲಿನಲ್ಲಿ ಪ್ರತಿ ಬೈಟಿಗೂ ಲೆಕ್ಕ ಇದೆ. ಮೂರು ಬೈಟ್ ಜಾಸ್ತಿ ಆದರೂ ಮೊದಲ ರೆಕಾರ್ಡ್ ಮುರಿಯುತ್ತದೆ.

ಹಂತ 2: ಎಣಿಸಿ

ಒಂದು ಪುಸ್ತಕದ ವಿವರ ಒಂದು ರೆಕಾರ್ಡ್. ಅದರೊಳಗೆ ಶೀರ್ಷಿಕೆ, ಲೇಖಕರು ಥರದ ಒಂದೊಂದು ವಿವರ ಒಂದು ಫೀಲ್ಡ್, ಫೀಲ್ಡಿನ ಒಳಭಾಗ ಸಬ್‌ಫೀಲ್ಡ್. ಬೈನರಿ ಮಾರ್ಕ್‌ನಲ್ಲಿ ಮೂರು ಗುಟ್ಟಿನ ಬೈಟ್‌ಗಳಿವೆ. 31 ಅಂದರೆ ಇಲ್ಲಿಂದ ಹೊಸ ಸಬ್‌ಫೀಲ್ಡ್. 30 ಅಂದರೆ ಫೀಲ್ಡ್ ಮುಗಿಯಿತು. 29 ಅಂದರೆ ರೆಕಾರ್ಡೇ ಮುಗಿಯಿತು. ಹಾಗಾಗಿ ಫೈಲನ್ನು ಬೈಟ್‌ಗಳಾಗಿ ಓದಿ, 29 ಎಷ್ಟು ಸಲ ಬಂದಿದೆ ಅಂತ ಎಣಿಸಿದರೆ ರೆಕಾರ್ಡ್‌ಗಳ ಸಂಖ್ಯೆ ಸಿಕ್ಕಿತು. ಯಾವ ಲೈಬ್ರರಿಯೂ ಬೇಡ, ಒಂದೇ ಸಾಲಿನ ಪೈಥಾನ್. ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ. ಎಕ್ಸ್‌ಪೋರ್ಟ್ ಮಾಡಿದ ಸಾಫ್ಟ್‌ವೇರ್ ಹೇಳಿದ ಸಂಖ್ಯೆಗೂ ಇದಕ್ಕೂ ತಾಳೆ ಆಗದಿದ್ದರೆ ಅಲ್ಲೇ ನಿಲ್ಲಿ. ಮುಂದೆ ಹೋಗಿ ಪ್ರಯೋಜನ ಇಲ್ಲ.

ಈಗ ಒಂದು ರೆಕಾರ್ಡ್ ಬಿಚ್ಚೋಣ. ಮೊದಲ 24 ಬೈಟ್‌ಗೆ ಲೀಡರ್ ಅಂತ ಹೆಸರು. ಅದರ ಮೊದಲ ಐದು ಅಂಕಿ 00714 ಅಂತಿದ್ದರೆ ಇಡೀ ರೆಕಾರ್ಡ್ 714 ಬೈಟ್. ಲೀಡರ್ ಆದಮೇಲೆ ಡೈರೆಕ್ಟರಿ, ಅಂದರೆ ಪುಸ್ತಕದ ಪರಿವಿಡಿ ಇದ್ದಂತೆ. ಅದರಲ್ಲಿ ಪ್ರತಿ ಫೀಲ್ಡ್‌ಗೆ 12 ಅಂಕಿ. ಉದಾಹರಣೆಗೆ 245004500126. ಇದನ್ನು ಮುರಿದು ಓದಿ: 245, 0045, 00126. ಅಂದರೆ 245 ಎಂಬ ಟ್ಯಾಗ್ ಇರುವ ಫೀಲ್ಡ್, ಉದ್ದ 45 ಬೈಟ್, ಡೇಟಾ ಭಾಗ ಶುರುವಾದ ಜಾಗದಿಂದ 126 ಬೈಟ್ ಆಚೆ ಇದೆ. ಟೇಪ್ ಕಾಲದ ಯೋಚನೆ ಇದು.

ಈ ಲೆಕ್ಕದಿಂದಲೇ ಒಂದು ಮಿತಿಯೂ ಬರುತ್ತದೆ. ಉದ್ದಕ್ಕೆ ಐದೇ ಅಂಕಿ, ಹಾಗಾಗಿ ಒಂದು ರೆಕಾರ್ಡ್ 99,999 ಬೈಟ್ ಮೀರುವಂತಿಲ್ಲ. ಒಂದು ಫೀಲ್ಡ್‌ಗೆ ನಾಲ್ಕು ಅಂಕಿ, 9,999 ಬೈಟ್. ಇಂಗ್ಲಿಷ್‌ನವರಿಗೆ ಇದು ಧಾರಾಳ. ನಮಗೆ ಅಲ್ಲ. ಯುಟಿಎಫ್-8 ಅಂದರೆ ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ, ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. "ಪುಸ್ತಕ" ನಮ್ಮ ಕಣ್ಣಿಗೆ ಮೂರೇ ಅಕ್ಷರ. ಒಳಗೆ ಪ, ಉಕಾರ, ಸ, ಹಲಂತ, ತ, ಕ ಅಂತ ಆರು ಸಂಕೇತ, ಅಂದರೆ 18 ಬೈಟ್. "ಸ್ತ್ರೀ" ಒಂದೇ ಅಕ್ಷರ, ಅದೂ 18 ಬೈಟ್. ಉದ್ದದ ಪರಿವಿಡಿ ಟಿಪ್ಪಣಿ ಇರುವ, ನೂರಾರು ಪ್ರತಿಗಳ ವಿವರ ಅಂಟಿಕೊಂಡ ರೆಕಾರ್ಡ್‌ಗಳು ಈ ಮಿತಿಯನ್ನು ನಿಜವಾಗಿಯೂ ದಾಟುತ್ತವೆ. ಅಂಥವಕ್ಕೆ ಎಕ್ಸ್‌ಎಂಎಲ್ ರೂಪದಲ್ಲೇ ಎಕ್ಸ್‌ಪೋರ್ಟ್ ಕೇಳಿ. ಅಲ್ಲಿ ಈ ಅಂಕಿಗಳ ಕಾಟ ಇಲ್ಲ.

ಹಂತ 3: ಓದಿ, ಕೈಕೊಟ್ಟವನ್ನು ಹಿಡಿಯಿರಿ

ಪೈಮಾರ್ಕ್‌ನ ಮಾರ್ಕ್‌ರೀಡರ್‌ಗೆ ಫೈಲ್ ಕೊಟ್ಟು ಫಾರ್ ಲೂಪ್ ಹಾಕಿದರೆ ಒಂದೊಂದೇ ರೆಕಾರ್ಡ್ ಕೈಗೆ ಬರುತ್ತದೆ. ಇಲ್ಲಿ ಎಲ್ಲರೂ ಮಾಡುವ ಮೊದಲ ತಪ್ಪು, ಫೈಲನ್ನು ಪಠ್ಯವಾಗಿ ತೆರೆಯುವುದು. ಬೈನರಿ ಮೋಡ್‌ನಲ್ಲಿ ತೆರೆಯಿರಿ, ಅಂದರೆ ಓಪನ್‌ಗೆ "ಆರ್‌ಬಿ" ಕೊಡಿ.

ಎರಡನೇ ತಪ್ಪು ಸದ್ದಿಲ್ಲದ್ದು. ಮುರಿದ ರೆಕಾರ್ಡ್ ಸಿಕ್ಕಾಗ ರೀಡರ್ ಬೊಬ್ಬೆ ಹಾಕುವುದಿಲ್ಲ. ಸುಮ್ನೆ ನನ್ (None) ಕೊಡುತ್ತದೆ, ಅಂದರೆ ಪೈಥಾನ್‌ನ ಖಾಲಿ ಬೆಲೆ. ಹಾಗಾಗಿ ಲೂಪಿನ ಮೊದಲ ಸಾಲಿನಲ್ಲೇ "ಇದು ನನ್ ಆಗಿದೆಯಾ?" ಅಂತ ಕೇಳಿ. ಆಗಿದ್ದರೆ ರೀಡರ್‌ನ ಕರೆಂಟ್ ಎಕ್ಸೆಪ್ಶನ್ ನೋಡಿ, ಏನು ತೊಂದರೆ ಅಂತ ಅದು ಹೇಳುತ್ತದೆ. ಕರೆಂಟ್ ಚಂಕ್‌ನಲ್ಲಿ ಆ ರೆಕಾರ್ಡಿನ ಕಚ್ಚಾ ಬೈಟ್‌ಗಳಿರುತ್ತವೆ. ಅವನ್ನು "ಕೆಟ್ಟವು" ಅಂತ ಬೇರೆ ಫೈಲಿಗೆ ಬರೆದಿಡಿ, ಎಸೆಯಬೇಡಿ. ಕೊನೆಗೆ ಒಳ್ಳೆಯವು ಎಷ್ಟು, ಕೆಟ್ಟವು ಎಷ್ಟು ಅಂತ ಕೂಡಿ. ಚೀಟಿಯಲ್ಲಿ ಬರೆದ ಸಂಖ್ಯೆ ಬರಬೇಕು.

ಹಳೆಯ ಉದಾಹರಣೆ ಕೋಡ್ ನಕಲು ಮಾಡುವವರಿಗೆ ಒಂದು ಮಾತು. ಪೈಮಾರ್ಕ್ 5ನೇ ಆವೃತ್ತಿಯಲ್ಲಿ ಕೆಲವು ವಿಷಯ ಬದಲಾಗಿವೆ. ಶೀರ್ಷಿಕೆ ಕೇಳುವ ಟೈಟಲ್ ಎಂಬ ಪದದ ಆಮೇಲೆ ಈಗ ಆವರಣ ಬೇಡ. ಸಬ್‌ಫೀಲ್ಡ್‌ಗಳು ಮೊದಲು ಸಾದಾ ಪಟ್ಟಿಯಾಗಿದ್ದವು, ಈಗ ಪ್ರತಿಯೊಂದಕ್ಕೂ ಸಬ್‌ಫೀಲ್ಡ್ ಎಂಬ ಜೋಡಿ. ಮೊದಲು ಇಲ್ಲದ ಫೀಲ್ಡ್ ಕೇಳಿದರೆ ನನ್ ಬರುತ್ತಿತ್ತು, ಈಗ ಕೀ ಎರರ್ ಬರುತ್ತದೆ. ಆದ್ದರಿಂದ ಚೌಕ ಆವರಣ ಬಿಟ್ಟು ಗೆಟ್ ಬಳಸಿ.

ಎಕ್ಸ್‌ಎಂಎಲ್ ಫೈಲಾದರೆ ಪಾರ್ಸ್ ಎಕ್ಸ್‌ಎಂಎಲ್ ಟು ಅರೇ ಎಂಬ ಫಂಕ್ಷನ್ ಇಡೀ ಫೈಲನ್ನು ಮೆಮೊರಿಗೆ ತುಂಬಿಕೊಳ್ಳುತ್ತದೆ. ದೊಡ್ಡ ಫೈಲಿಗೆ ಮ್ಯಾಪ್ ಎಕ್ಸ್‌ಎಂಎಲ್ ಬಳಸಿ, ಅದು ಒಂದೊಂದಾಗಿ ಕೊಡುತ್ತದೆ.

ಹಂತ 4: ಅಕ್ಷರ ಸರಿ ಬಂದಿದೆಯಾ ನೋಡಿ

ನಿಜವಾದ ತಲೆನೋವು ಇಲ್ಲಿಂದ ಶುರು.

ಲೀಡರ್‌ನ 9ನೇ ಸ್ಥಾನ ನೋಡಿ (ಎಣಿಕೆ ಸೊನ್ನೆಯಿಂದ, ಪೈಥಾನ್‌ನಂತೆಯೇ). ಅಲ್ಲಿ ಚಿಕ್ಕ ಎ ಇದ್ದರೆ ಯೂನಿಕೋಡ್. ಖಾಲಿ ಇದ್ದರೆ ಮಾರ್ಕ್-8 ಎಂಬ ಹಳೆಯ ಸಂಕೇತ ಪದ್ಧತಿ. ಇಷ್ಟು ನಿಯಮ. ಆದರೆ ಮಾರ್ಕ್-8ರಲ್ಲಿ ಕನ್ನಡ ಲಿಪಿಯೇ ಇಲ್ಲ. ರೋಮನ್, ಗ್ರೀಕ್, ಸಿರಿಲಿಕ್, ಹೀಬ್ರೂ, ಅರೇಬಿಕ್, ಪೂರ್ವ ಏಷ್ಯಾದ ಲಿಪಿಗಳಿವೆ, ಭಾರತದ ಲಿಪಿ ಒಂದೂ ಇಲ್ಲ. ಅಂದಮೇಲೆ 9ನೇ ಸ್ಥಾನ ಖಾಲಿ ಇದ್ದು ಒಳಗೆ ಕನ್ನಡ ಅಕ್ಷರ ಇದ್ದರೆ ಆ ಲೀಡರ್ ಸುಳ್ಳು ಹೇಳುತ್ತಿದೆ. ಯಾರೋ ಕನ್ನಡ ಟೈಪ್ ಮಾಡಿದರು, ಸಾಫ್ಟ್‌ವೇರ್ ಗುರುತು ಬದಲಿಸಲಿಲ್ಲ. ಪೈಮಾರ್ಕ್ ಆ ಗುರುತನ್ನು ನಂಬಿ ಕನ್ನಡವನ್ನು ಮಾರ್ಕ್-8 ಅಂತ ಅಗಿದು ಉಗುಳುತ್ತದೆ. ರೀಡರ್‌ಗೆ ಫೋರ್ಸ್ ಯುಟಿಎಫ್8 ಟ್ರೂ ಅಂತ ಹೇಳಿದರೆ ಸರಿಹೋಗುತ್ತದೆ.

ಹಾಗಂತ ಎಲ್ಲ ಫೈಲಿಗೂ ಅದನ್ನೇ ಹಾಕಬೇಡಿ. ನಿಜವಾದ ಮಾರ್ಕ್-8 ರೆಕಾರ್ಡ್‌ಗಳು ಈಗಲೂ ಓಡಾಡುತ್ತಿವೆ. ಅವುಗಳಲ್ಲಿ ಅಕ್ಷರದ ಮೇಲಿನ ಗೆರೆ, ಚುಕ್ಕೆಗಳು ಅಕ್ಷರಕ್ಕಿಂತ ಮೊದಲು ಬರುತ್ತವೆ. ಯೂನಿಕೋಡ್‌ನಲ್ಲಿ ಆಮೇಲೆ. ತಪ್ಪಾಗಿ ಓದಿದರೆ ಗೆರೆಗಳೆಲ್ಲ ಪಕ್ಕದ ಅಕ್ಷರಕ್ಕೆ ಹಾರಿರುತ್ತವೆ.

ಪರದೆ ಮೇಲೆ ಕಾಣುವ ಕಸವನ್ನು ನೋಡಿಯೇ ರೋಗ ಹೇಳಬಹುದು. ಓರೆಗೆರೆ ಹೊತ್ತ ಇಂಗ್ಲಿಷ್ ಎ, ಅದರ ಪಕ್ಕ ಮೇಲಕ್ಕೆ ಏರಿದ ಪುಟ್ಟ 2 ಅಥವಾ 3, ಇದೇ ಮತ್ತೆ ಮತ್ತೆ ಬರುತ್ತಿದೆಯಾ? ಅದು ಅಪ್ಪಟ ಕನ್ನಡ ಯುಟಿಎಫ್-8. ಓದುವವರು ಅದನ್ನು ಬೇರೆ ಸಂಕೇತ ಅಂದುಕೊಂಡಿದ್ದಾರೆ, ಅಷ್ಟೇ. ಡೇಟಾ ಬದುಕಿದೆ. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಮಾತ್ರ ಅಕ್ಷರ ಹೋಗೇ ಹೋಗಿದೆ, ಮೂಲಕ್ಕೆ ವಾಪಸ್ ಹೋಗಬೇಕು. ಮೂರನೆಯದು, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಅರ್ಥವಿಲ್ಲದ ಕಲಸುಮೇಲೋಗರ. ಇದು ಯೂನಿಕೋಡ್‌ಗೆ ಮೊದಲಿನ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಹಳೆಯ ನುಡಿ, ಬರಹ ಫಾಂಟ್‌ಗಳ ಕಾಲದ್ದು. ಇದಕ್ಕೆ ಮಾರ್ಕ್ ಲೈಬ್ರರಿ ಏನೂ ಮಾಡಲಾರದು, ಆಯಾ ಫಾಂಟಿನ ಪರಿವರ್ತಕವೇ ಬೇಕು. ಪರಿವರ್ತನೆಯನ್ನು ಸಬ್‌ಫೀಲ್ಡ್ ಒಂದೊಂದಕ್ಕೇ ಮಾಡಿ. ಇಡೀ ಫೈಲಿಗೆ ಮಾಡಿದರೆ ಇಂಗ್ಲಿಷ್ ಪುಸ್ತಕಗಳ ಹೆಸರೂ ಕನ್ನಡದ ಕಸವಾಗುತ್ತದೆ, ಬೈಟ್ ಲೆಕ್ಕವೂ ಹಾಳು.

ಎರರ್ ಬಂತು ಅಂತ ಯುಟಿಎಫ್8 ಹ್ಯಾಂಡ್ಲಿಂಗ್‌ಗೆ ಇಗ್ನೋರ್ ಅಂತ ಕೊಡುವವರಿದ್ದಾರೆ. ಬೇಡ. ಅರ್ಥವಾಗದ ಬೈಟ್‌ಗಳನ್ನು ಅದು ನಿಮಗೆ ಹೇಳದೆ ಕೈಬಿಡುತ್ತದೆ.

ಸರಿಯಾಗಿ ಕಾಣುವ ಕನ್ನಡವೂ ಒಳಗೆ ಎರಡು ಥರ ಇರಬಹುದು. "ಕೋ" ಬರೆಯಲು ಕ ಮತ್ತು ಓಕಾರದ ಚಿಹ್ನೆ, ಎರಡೇ ಸಂಕೇತ ಸಾಕು. ಆದರೆ ಕ, ಎಕಾರ, ಊಕಾರ, ದೀರ್ಘದ ಗುರುತು ಅಂತ ನಾಲ್ಕು ಸಂಕೇತದಲ್ಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್ ಫಂಕ್ಷನ್‌ಗೆ ಎನ್‌ಎಫ್‌ಸಿ ಅಂತ ಹೇಳಿ ಓಡಿಸಿದರೆ ಎಲ್ಲವೂ ಒಂದೇ ರೂಪಕ್ಕೆ ಬರುತ್ತವೆ.

ಅದೂ ಮುಟ್ಟದ ಒಂದಿದೆ. "ರಾಜ್‌ಕುಮಾರ್" ಅಂತ ಬರೆಯುವಾಗ ಜ್ ಮತ್ತು ಕು ಒತ್ತಕ್ಷರವಾಗಿ ಸೇರದಂತೆ ನಡುವೆ ಒಂದು ಕಾಣದ ಅಕ್ಷರ ಹಾಕುತ್ತೇವೆ, ಝಡ್‌ಡಬ್ಲ್ಯೂಎನ್‌ಜೆ. ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಹಾಕಲ್ಲ. ಅದೇ ಹೆಸರು ಹುಡುಕಿದರೆ ಅರ್ಧ ಪುಸ್ತಕ ಮಾತ್ರ ಸಿಗುತ್ತದೆ. ಹೋಲಿಸುವಾಗ ಇದನ್ನು ತೆಗೆದು ಹೋಲಿಸಿ. ಡೇಟಾದಿಂದ ಮಾತ್ರ ತೆಗೆಯಬೇಡಿ, ಬರಹದ ರೂಪವೇ ಬದಲಾಗುತ್ತದೆ.

ಹಂತ 5: ಬೇಕಾದ ಫೀಲ್ಡ್ ತೆಗೆಯಿರಿ

ಪ್ರೋಗ್ರಾಮರ್‌ಗಳೇ, ಈ ಸಂಖ್ಯೆಗಳನ್ನು ಬಾಯಿಪಾಠ ಮಾಡಿಬಿಡಿ. 020 ಐಎಸ್‌ಬಿಎನ್, ಅಂದರೆ ಪುಸ್ತಕದ ಅಂತರರಾಷ್ಟ್ರೀಯ ಗುರುತು ಸಂಖ್ಯೆ. 100 ಮುಖ್ಯ ಲೇಖಕರು. 245 ಶೀರ್ಷಿಕೆ. 250 ಆವೃತ್ತಿ. 260 ಅಥವಾ 264 ಪ್ರಕಾಶನ. 300 ಪುಟ, ಅಳತೆ. 650 ವಿಷಯ. 700 ಇತರ ಲೇಖಕರು, ಅನುವಾದಕರು. 856 ಲಿಂಕ್. ಪ್ರತಿ ಫೀಲ್ಡ್ ಒಳಗೆ ಸಬ್‌ಫೀಲ್ಡ್‌ಗಳು, ಅವಕ್ಕೆ ಒಂದಕ್ಷರದ ಹೆಸರು. ಅದನ್ನು ಡಾಲರ್ ಚಿಹ್ನೆ ಹಾಕಿ ಬರೆಯುವುದು ರೂಢಿ. 245ರಲ್ಲಿ $ಎ ಮುಖ್ಯ ಶೀರ್ಷಿಕೆ, $ಬಿ ಉಪಶೀರ್ಷಿಕೆ, $ಸಿ ಬರೆದವರ ವಿವರ. ಇದಲ್ಲದೆ ಪ್ರತಿ ಫೀಲ್ಡ್‌ಗೆ ಎರಡು ಇಂಡಿಕೇಟರ್, ಅಂದರೆ ಆ ಫೀಲ್ಡನ್ನು ಹೇಗೆ ಬಳಸಬೇಕು ಅಂತ ಹೇಳುವ ಎರಡು ಅಕ್ಷರ. ಟ್ಯಾಗ್ 00 ಇಂದ ಶುರುವಾಗುವ 001, 005, 008 ಥರದವಕ್ಕೆ ಮಾತ್ರ ಸಬ್‌ಫೀಲ್ಡೂ ಇಲ್ಲ, ಇಂಡಿಕೇಟರೂ ಇಲ್ಲ. ಅವನ್ನು ಡೇಟಾ ಅಂತ ನೇರವಾಗಿ ಓದಬೇಕು.

ಒಂದೇ ಟ್ಯಾಗ್ ಹಲವು ಸಲ ಬರಬಹುದು ಅನ್ನೋದನ್ನು ಮರೆಯಬೇಡಿ. ಚೌಕ ಆವರಣದಲ್ಲಿ 650 ಅಂತ ಕೇಳಿದರೆ ಮೊದಲನೆಯದು ಮಾತ್ರ ಬರುತ್ತದೆ. ಉಳಿದ ನಾಲ್ಕು ವಿಷಯ ಎಲ್ಲಿ ಹೋದವು ಅಂತ ಹುಡುಕುತ್ತಾ ಕೂರಬೇಕಾಗುತ್ತದೆ. ಗೆಟ್ ಫೀಲ್ಡ್ಸ್ ಬಳಸಿ, ಎಲ್ಲವೂ ಪಟ್ಟಿಯಾಗಿ ಬರುತ್ತವೆ.

ಈಗ ಕಾರ್ಡಿನ ನೆರಳು. 245 $ಎ ಕೊನೆಯಲ್ಲಿ ಒಂದು ಕೋಲನ್ ಅಥವಾ ಓರೆಗೆರೆ ನೇತಾಡುತ್ತಿರುತ್ತದೆ. ಮುಂದೆ ಉಪಶೀರ್ಷಿಕೆ ಬಂದರೆ ಕೋಲನ್, ಲೇಖಕರ ವಿವರ ಬಂದರೆ ಓರೆಗೆರೆ. ಕ್ಯಾಟಲಾಗ್ ವಿವರ ಬರೆಯುವ ಐಎಸ್‌ಬಿಡಿ ಎಂಬ ಅಂತರರಾಷ್ಟ್ರೀಯ ನಿಯಮ ಇದು. ಕಾರ್ಡಿನ ಮೇಲೆ ಛಾಪಿಸಿದಾಗ ಓದಲು ಚೆಂದ. ಸ್ಪ್ರೆಡ್‌ಶೀಟ್‌ನಲ್ಲಿ ಕಸ. ತೆಗೆಯಬೇಕು, ಆದರೆ ನೋಡಿ ತೆಗೆಯಬೇಕು. ನಾನು ಒಂದು ಸಲ ಎಲ್ಲ ಫೀಲ್ಡ್‌ಗಳ ಕೊನೆಯ ಚುಕ್ಕೆಯನ್ನೂ ಒಂದೇ ಏಟಿಗೆ ಕತ್ತರಿಸಿದೆ. "ರಾವ್, ಕೆ. ಎಸ್." ಹೋಗಿ "ರಾವ್, ಕೆ. ಎಸ್" ಆಯಿತು. ಇನಿಷಿಯಲ್ ಇರುವ ಎಲ್ಲ ಲೇಖಕರೂ ಇಬ್ಬಿಬ್ಬರಾದರು, ಚುಕ್ಕೆ ಇರುವವರೊಬ್ಬರು, ಇಲ್ಲದವರೊಬ್ಬರು. ಹೆಸರಿನ ಫೀಲ್ಡ್‌ಗಳಲ್ಲಿ ಕೊನೆಯ ಅಲ್ಪವಿರಾಮ ಮಾತ್ರ ತೆಗೆಯಿರಿ. ಚುಕ್ಕೆಯ ತಂಟೆಗೆ ಹೋಗಬೇಡಿ.

245ರ ಎರಡನೇ ಇಂಡಿಕೇಟರ್ ಸಹ ಕಾರ್ಡಿನ ಕಾಲದ್ದೇ. ಅಕಾರಾದಿಯಲ್ಲಿ ಜೋಡಿಸುವಾಗ ಮೊದಲ ಎಷ್ಟು ಅಕ್ಷರ ಬಿಡಬೇಕು ಅಂತ ಅದು ಹೇಳುತ್ತದೆ. ಇಂಗ್ಲಿಷ್‌ನ "ದಿ" ಮತ್ತು ಅದರ ಮುಂದಿನ ಜಾಗಕ್ಕೆ 4. ಕನ್ನಡಕ್ಕೆ ಆ ತೊಂದರೆ ಇಲ್ಲ, ಸದಾ 0.

ಕನ್ನಡ ಪುಸ್ತಕದ ರೆಕಾರ್ಡ್‌ನಲ್ಲಿ 245 ತೆಗೆದರೆ ರೋಮನ್ ಲಿಪಿಯಲ್ಲಿ ಗೆರೆ, ಚುಕ್ಕೆ ಹೊತ್ತ ಶೀರ್ಷಿಕೆ ಬರಬಹುದು. ಗಾಬರಿ ಬೇಡ. ಕನ್ನಡ 880 ಎಂಬ ಫೀಲ್ಡ್‌ನಲ್ಲಿ ಕೂತಿರುತ್ತದೆ. 245ರ $6ರಲ್ಲಿ 880-01 ಅಂತ, ಆ 880ರ $6ರಲ್ಲಿ 245-01 ಅಂತ ಬರೆದಿರುತ್ತದೆ. ಕೊನೆಯ 01 ನೋಡಿ ಜೋಡಿ ಹೊಂದಿಸಿ. ಅಲ್ಲಿ 00 ಇದ್ದರೆ ಆ 880ಗೆ ಜೋಡಿ ಇಲ್ಲ. ಕೆಲವು ಲೈಬ್ರರಿಗಳು ಈ ಗೋಜಿಲ್ಲದೆ 245ರಲ್ಲೇ ನೇರವಾಗಿ ಕನ್ನಡ ಹಾಕುತ್ತವೆ. ಎರಡೂ ಒಪ್ಪಿತ ಪದ್ಧತಿಯೇ. ನಿಮ್ಮ ಫೈಲಿನಲ್ಲಿ ಎರಡೂ ಕಲಸಿರಬಹುದು, ಆದ್ದರಿಂದ 880 ಇರುವ ರೆಕಾರ್ಡ್ ಎಷ್ಟು ಅಂತ ಮೊದಲೇ ಎಣಿಸಿ.

ಇನ್ನು 008. ಬಹಳ ಜನ ಇದನ್ನು ನೋಡಿ ಹೆದರಿ ಮುಂದೆ ಹೋಗುತ್ತಾರೆ. ನನಗೆ ಇದು ಅತಿ ಪ್ರೀತಿಯ ಫೀಲ್ಡ್. ಸರಿಯಾಗಿ 40 ಅಕ್ಷರ, ಪ್ರತಿ ಸ್ಥಾನಕ್ಕೂ ಗೊತ್ತಾದ ಅರ್ಥ. 7ರಿಂದ 10ರವರೆಗೆ ಪ್ರಕಟಣೆಯ ವರ್ಷ. 35ರಿಂದ 37ರವರೆಗೆ ಭಾಷೆ. ಕನ್ನಡಕ್ಕೆ ಕೆಎಎನ್. 260ರ $ಸಿಯಲ್ಲಿ ವರ್ಷ ಹುಡುಕಿದರೆ ಅಂಕಿಗಿಂತ ಮೊದಲು ಸಿ ಅಂಟಿದ್ದು, ಚೌಕ ಆವರಣದಲ್ಲಿ ಪ್ರಶ್ನೆ ಚಿಹ್ನೆ ಹೊತ್ತದ್ದು, ಹೀಗೆ ನಾನಾ ಅವತಾರ. 008ರಲ್ಲಿ ನೆಟ್ಟಗೆ ನಾಲ್ಕು ಅಕ್ಷರ. ಗೊತ್ತಿಲ್ಲದ ಅಂಕಿಯ ಜಾಗದಲ್ಲಿ ಯು ಇರುತ್ತದೆ, ಹಾಗಾಗಿ ನೇರವಾಗಿ ಸಂಖ್ಯೆಗೆ ತಿರುಗಿಸಿದರೆ ಪ್ರೋಗ್ರಾಂ ಬೀಳುತ್ತದೆ. 6ನೇ ಸ್ಥಾನದಲ್ಲಿ ಆರ್ ಇದ್ದರೆ ಅದು ಮರುಮುದ್ರಣ. ಆಗ ಮೊದಲ ವರ್ಷ ಮರುಮುದ್ರಣದ್ದು, ಮೂಲ ವರ್ಷ 11ರಿಂದ 14ರಲ್ಲಿ.

ಒಂದೇ ಎಚ್ಚರಿಕೆ: 008ಕ್ಕೆ ಸ್ಟ್ರಿಪ್ (ತುದಿಗಳ ಖಾಲಿ ಜಾಗ ಕತ್ತರಿಸುವ ಪೈಥಾನ್ ಆಜ್ಞೆ) ಹಾಕಬೇಡಿ. ಅಲ್ಲಿನ ಖಾಲಿ ಜಾಗಕ್ಕೂ ಅರ್ಥ ಇದೆ. ಉದ್ದ 40 ಅಲ್ಲದ 008ಗಳನ್ನು ಎಣಿಸಿ ಪಟ್ಟಿ ಮಾಡಿ. ಯಾರೋ ನಿಮಗಿಂತ ಮೊದಲು ಸ್ಟ್ರಿಪ್ ಹಾಕಿರಬಹುದು.

020ಕ್ಕೆ ಬಂದರೆ, $ಎ ಸರಿಯಾದ ಐಎಸ್‌ಬಿಎನ್. $ಝಡ್ ರದ್ದಾದದ್ದು ಅಥವಾ ತಪ್ಪಾದದ್ದು. ಹಳೆಯ ರೆಕಾರ್ಡ್‌ಗಳಲ್ಲಿ ಅದೇ $ಎ ಒಳಗೆ ಆವರಣ ಹಾಕಿ ಪೇಪರ್‌ಬ್ಯಾಕ್ ಅಂತೆಲ್ಲ ಬರೆದಿರುತ್ತಾರೆ. ಮೊದಲ ಜಾಗದವರೆಗೆ ಮಾತ್ರ ತೆಗೆದುಕೊಳ್ಳಿ, ಅಡ್ಡಗೆರೆ ತೆಗೆಯಿರಿ. 2007ರ ಜನವರಿಯಿಂದ ಐಎಸ್‌ಬಿಎನ್ 13 ಅಂಕಿ, ಅದಕ್ಕೂ ಮೊದಲು 10. ಹೋಲಿಸಲು ಎಲ್ಲವನ್ನೂ 13ಕ್ಕೆ ತನ್ನಿ. 0306406152 ತೆಗೆದುಕೊಳ್ಳಿ. ಕೊನೆಯ 2 ತಾಳೆ ಅಂಕಿ, ಅದನ್ನು ಬಿಡಿ. ಮುಂದೆ 978 ಸೇರಿಸಿ: 978030640615. ಈಗ ಅಂಕಿಗಳನ್ನು ಒಂದು ಬಿಟ್ಟು ಒಂದು 1 ಮತ್ತು 3ರಿಂದ ಗುಣಿಸಿ ಕೂಡಿ. 93 ಬರುತ್ತದೆ. ಮುಂದಿನ ಹತ್ತರ ಗುಣಕ 100, ವ್ಯತ್ಯಾಸ 7. ಹಾಗಾಗಿ 9780306406157. ಸುಮ್ನೆ 978 ಅಂಟಿಸಿ ಹಳೆಯ 2 ಉಳಿಸಿಕೊಳ್ಳುವವರೇ ಜಾಸ್ತಿ.

ಹಂತ 6: ಸ್ಪ್ರೆಡ್‌ಶೀಟ್‌ಗೆ ಹಾಕಿ

ಮೊದಲ ಕಾಲಮ್ 001 ಇರಲಿ, ಅಂದರೆ ರೆಕಾರ್ಡಿನ ನಿಯಂತ್ರಣ ಸಂಖ್ಯೆ. ಅದಿಲ್ಲದೆ ವಾಪಸ್ ಮೂಲಕ್ಕೆ ಹೋಗಲು ದಾರಿ ಇಲ್ಲ. ಹಲವು ವಿಷಯಗಳನ್ನು ಒಂದೇ ಕೋಶದಲ್ಲಿ ಸೇರಿಸುವಾಗ ನಡುವೆ ನೆಟ್ಟಗೆರೆ (|) ಬಳಸಿ. ಅಲ್ಪವಿರಾಮ, ಅರ್ಧವಿರಾಮ ಬೇಡ, ಅವು ಡೇಟಾ ಒಳಗೇ ಇರುತ್ತವೆ.

ಸಿಎಸ್‌ವಿ (ಸ್ಪ್ರೆಡ್‌ಶೀಟ್ ತೆರೆಯಬಲ್ಲ ಸಾದಾ ಪಠ್ಯದ ಫೈಲ್) ಬರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8-ಸಿಗ್ ಅಂತ ಕೊಡಿ. ಇಲ್ಲವಾದರೆ ಎಕ್ಸೆಲ್‌ನಲ್ಲಿ ಮತ್ತೆ ಆ ಓರೆಗೆರೆಯ ಎ ದರ್ಶನ. ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಎಕ್ಸೆಲ್‌ನ ಇಂಪೋರ್ಟ್ ದಾರಿಯಲ್ಲಿ ಹೋಗಿ, ಐಎಸ್‌ಬಿಎನ್ ಕಾಲಮನ್ನು ಟೆಕ್ಸ್ಟ್ ಅಂತ ಹೇಳಿ. ಹಾಗೆ ಮಾಡದಿದ್ದರೆ 10 ಅಂಕಿಯ ಐಎಸ್‌ಬಿಎನ್‌ನ ಮುಂದಿನ ಸೊನ್ನೆ ಮಾಯ, 13 ಅಂಕಿಯದು 9.78 ಅಂತ ಘಾತರೂಪಕ್ಕೆ ತಿರುಗುತ್ತದೆ. ಆ ಸ್ಥಿತಿಯಲ್ಲಿ ಸಿಎಸ್‌ವಿಯಾಗಿ ಸೇವ್ ಮಾಡಿದರೆ ನಿಜವಾದ ಅಂಕಿ ಹೋಯಿತು.

ಸಾಲು ಎಣಿಸಿ. ಚೀಟಿ ನೋಡಿ.

ಹಂತ 7: ಎರಡೆರಡು ಸಲ ಇರುವವನ್ನು ಹುಡುಕಿ

ಐಎಸ್‌ಬಿಎನ್ ಒಂದರಿಂದಲೇ ಕೆಲಸ ಆಗುತ್ತೆ ಅಲ್ವಾ ಅಂತ ಕೇಳುತ್ತಾರೆ. ಆಗಲ್ಲ. ಹಲವು ಸಂಪುಟಗಳಿಗೆ ಒಂದೇ ಐಎಸ್‌ಬಿಎನ್ ಇರಬಹುದು. ಒಂದೇ ಪುಸ್ತಕದ ಗಟ್ಟಿ ರಟ್ಟಿಗೆ ಒಂದು, ಮೆತ್ತನೆ ರಟ್ಟಿಗೆ ಇನ್ನೊಂದು ಇರುತ್ತದೆ. ಹಳೆಯ ಪುಸ್ತಕಗಳಿಗೆ ಐಎಸ್‌ಬಿಎನ್ ಇರುವುದೇ ಇಲ್ಲ. 001 ಕೂಡ ಒಂಟಿಯಾಗಿ ಸಾಲದು. ಎರಡು ಲೈಬ್ರರಿಗಳ ಫೈಲ್ ಸೇರಿಸಿದರೆ ಎರಡರಲ್ಲೂ 1042 ಅಂತ ಇರಬಹುದು. ಆ ಸಂಖ್ಯೆ ಕೊಟ್ಟವರು ಯಾರು ಅಂತ 003 ಹೇಳುತ್ತದೆ. ಎರಡನ್ನೂ ಜೋಡಿಯಾಗಿ ನೋಡಿ.

ನಾನು ಮಾಡುವುದು ಹೀಗೆ: ಶೀರ್ಷಿಕೆಯನ್ನು ಎನ್‌ಎಫ್‌ಸಿ ಮಾಡಿ, ಕಾಣದ ಅಕ್ಷರ, ವಿರಾಮ ಚಿಹ್ನೆ, ಜಾಗ ಎಲ್ಲಾ ತೆಗೆದು, ಲೇಖಕರ ಮೊದಲ ಭಾಗ, 008ರ ವರ್ಷ, ಪುಟಸಂಖ್ಯೆ ಸೇರಿಸಿ ಒಂದು ಕೀಲಿ ಕಟ್ಟುತ್ತೇನೆ. ಕೀಲಿ ಒಂದೇ ಆದವನ್ನು ಗುಂಪು ಮಾಡಿ ಪಟ್ಟಿ ತೆಗೆಯುತ್ತೇನೆ. ಅಳಿಸುವ ತೀರ್ಮಾನ ಕೋಡಿಗೆ ಬಿಡುವುದಿಲ್ಲ. ಪಟ್ಟಿ ಕ್ಯಾಟಲಾಗ್ ಮಾಡುವವರ ಕೈಗೆ ಹೋಗುತ್ತದೆ. ಭಾಗ 1, ಭಾಗ 2 ಎಂಬ ವಿವರ 245ರ $ಎನ್‌ನಲ್ಲಿರುತ್ತದೆ. ಅದನ್ನು ಕೀಲಿಗೆ ಸೇರಿಸಲು ಮರೆತರೆ ಸಂಪುಟಗಳೆಲ್ಲ ನಕಲಿನ ಪಟ್ಟಿಗೆ ಸೇರುತ್ತವೆ.

ಹಂತ 8: ತಿದ್ದಿ ವಾಪಸ್ ಬರೆಯಿರಿ

ಏನನ್ನೂ ಬದಲಿಸದೆ ಮೊದಲು ಒಂದು ಸುತ್ತು ಓಡಿಸಿ. ಫೈಲ್ ಓದಿ, ಪೈಮಾರ್ಕ್‌ನ ಮಾರ್ಕ್‌ರೈಟರ್‌ನಿಂದ ಹಾಗೆಯೇ ಬೇರೆ ಫೈಲಿಗೆ ಬರೆಯಿರಿ, ಅದನ್ನು ಮತ್ತೆ ಓದಿ. ಎರಡೂ ಕಡೆಯ ರೆಕಾರ್ಡ್‌ಗಳನ್ನು ಪಠ್ಯವಾಗಿ ಮಾಡಿ ಹೋಲಿಸಿ. ಲೀಡರ್‌ನಲ್ಲಿ ಅಲ್ಲಿ ಇಲ್ಲಿ ವ್ಯತ್ಯಾಸ ಬರಬಹುದು. ಮಿಕ್ಕ ಫೀಲ್ಡ್‌ಗಳಲ್ಲಿ ಒಂದಕ್ಷರವೂ ಬದಲಾಗಿರಬಾರದು. ಬದಲಾಗಿದ್ದರೆ ಹಂತ 4ಕ್ಕೆ ವಾಪಸ್.

ಇದು ಪಾಸಾದ ಮೇಲೆ ತಿದ್ದುವುದು. ಉದಾಹರಣೆಗೆ 260ಗಳನ್ನು 264ಕ್ಕೆ ಬದಲಿಸಬೇಕು ಅಂದುಕೊಳ್ಳಿ. ಆರ್‌ಡಿಎ ಎಂಬ ಹೊಸ ಕ್ಯಾಟಲಾಗ್ ನಿಯಮದಂತೆ ಪ್ರಕಾಶನದ ವಿವರ ಅಲ್ಲಿರಬೇಕು. ಟ್ಯಾಗ್ ಬದಲಿಸಿದರೆ ಸಾಲದು, ಎರಡನೇ ಇಂಡಿಕೇಟರ್ 1 ಆಗಬೇಕು. ವರ್ಷಕ್ಕಿಂತ ಮೊದಲು ಸಿ ಅಂಟಿದ್ದರೆ ಅದು ಹಕ್ಕುಸ್ವಾಮ್ಯದ ವರ್ಷ, ಅದಕ್ಕೆ ಇಂಡಿಕೇಟರ್ 4 ಇರುವ ಇನ್ನೊಂದು 264 ಬೇಕು. ಹೊಸ ಫೀಲ್ಡ್ ಸೇರಿಸುವಾಗ ಆಡ್ ಫೀಲ್ಡ್ ಬಳಸಿದರೆ ಅದು ಕೊನೆಗೆ ಹೋಗಿ ಕೂರುತ್ತದೆ. ಆಡ್ ಆರ್ಡರ್ಡ್ ಫೀಲ್ಡ್ ಸಂಖ್ಯೆಯ ಕ್ರಮದಲ್ಲಿ ಸೇರಿಸುತ್ತದೆ. ಲೀಡರ್ ಉದ್ದ, ಡೈರೆಕ್ಟರಿ ಲೆಕ್ಕ ನೀವು ಮುಟ್ಟಬೇಡಿ, ಬರೆಯುವಾಗ ಪೈಮಾರ್ಕ್ ಹೊಸದಾಗಿ ಹಾಕುತ್ತದೆ. ಕೆಲಸ ಮುಗಿದ ಮೇಲೆ ರೈಟರ್ ಕ್ಲೋಸ್ ಮಾಡಿ. ಮರೆತರೆ ಕೊನೆಯ ಕೆಲವು ರೆಕಾರ್ಡ್ ಡಿಸ್ಕ್‌ಗೆ ಇಳಿಯದೇ ಹೋಗಬಹುದು.

ಬರೆದ ಫೈಲಿನಲ್ಲಿ ಮತ್ತೆ 29 ಎಣಿಸಿ. ಹಾಗೇ ಪ್ರತಿ ಟ್ಯಾಗ್ ಎಷ್ಟು ಸಲ ಇದೆ ಅಂತ ಮೊದಲಿನದು, ಈಗಿನದು ಪಕ್ಕಪಕ್ಕ ಇಟ್ಟು ನೋಡಿ. 260 ಎಷ್ಟು ಕಡಿಮೆ ಆಯಿತೋ ಇಂಡಿಕೇಟರ್ 1ರ 264 ಅಷ್ಟೇ ಜಾಸ್ತಿ ಆಗಿರಬೇಕು. 650 ಕಡಿಮೆಯಾಗಿದ್ದರೆ ನಿಮಗೆ ಗೊತ್ತಿಲ್ಲದೆ ಏನೋ ಮುಟ್ಟಿದ್ದೀರಿ.

ಕೊನೆಯದು, ಮತ್ತೆ ಸಾಫ್ಟ್‌ವೇರ್‌ಗೆ ತುಂಬಿಸುವುದು. ಇಡೀ ಫೈಲ್ ಒಮ್ಮೆಲೇ ಬೇಡ. ಹತ್ತು ರೆಕಾರ್ಡ್ ಆರಿಸಿ: ಒಂದು ಕನ್ನಡದ್ದು, ಒಂದು 880 ಇರುವುದು, ಒಂದು ಬಹುಸಂಪುಟದ್ದು, ಒಂದು ಅತಿ ಉದ್ದದ್ದು, ಉಳಿದವು ಸಾದಾ. ಕೋಹಾ ಎಂಬ ಲೈಬ್ರರಿ ಸಾಫ್ಟ್‌ವೇರ್ ಬಳಸುವವರಾದರೆ ಫೈಲನ್ನು ಮೊದಲು ಸ್ಟೇಜ್ ಮಾಡುವ, ಅಂದರೆ ಕ್ಯಾಟಲಾಗ್‌ಗೆ ಸೇರಿಸುವ ಮೊದಲು ಪಕ್ಕಕ್ಕಿಟ್ಟು ನೋಡುವ ಹಂತ ಇದೆ, ಇಂಪೋರ್ಟ್ ಮಾಡಿದ ಮೇಲೂ ಅದನ್ನು ರದ್ದು ಮಾಡುವ ಗುಂಡಿ ಇದೆ. ಹಳೆಯ ರೆಕಾರ್ಡಿನ ಮೇಲೇ ಹೊಸದು ಕೂರಬೇಕಾದರೆ ಹೊಂದಾಣಿಕೆಯ ನಿಯಮ ಆರಿಸಲೇಬೇಕು. ಬಿಟ್ಟರೆ ಕ್ಯಾಟಲಾಗ್ ಪೂರ್ತಿ ಎರಡೆರಡು ಪ್ರತಿ. ಪ್ರತಿಗಳ ವಿವರ ಇರುವ 952 ಫೀಲ್ಡ್‌ಗಳನ್ನು ಏನು ಮಾಡಬೇಕು ಅಂತಲೂ ಅಲ್ಲೇ ಕೇಳುತ್ತದೆ, ಅವಸರದಲ್ಲಿ ಮುಂದೆ ಒತ್ತಬೇಡಿ. ಹತ್ತೂ ಹೋದ ಮೇಲೆ ಓದುಗರು ನೋಡುವ ಪುಟದಲ್ಲಿ ಒಂದೊಂದನ್ನೂ ಹುಡುಕಿ, ಕನ್ನಡದಲ್ಲಿ ಟೈಪ್ ಮಾಡಿಯೇ ಹುಡುಕಿ. ಹತ್ತೂ ಸಿಕ್ಕರೆ ಉಳಿದದ್ದನ್ನು ತುಂಬಿಸಿ.